ನಮ್ಮೂರ ರಸ್ತೆಯ ಸಾವುಗಳೂ ಲೆಕ್ಕಕ್ಕೆ ಬರಲಿ: ಮದ್ದೂರಿನ ಜನರಲ್ಲಿ ಒಂದು ಮನವಿ



ನಮ್ಮ ಬಗಲಲ್ಲೇ ಹಾದುಹೋಗುವ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯಲ್ಲಿ 2023ರಲ್ಲಿ 188 ಜನ ಅಪಘಾತಕ್ಕೆ ಬಲಿಯಾದರು. ಮರುವರ್ಷ, 2024ರಲ್ಲಿ, ಆ ಸಂಖ್ಯೆ 50ಕ್ಕೆ ಇಳಿಯಿತು. ರಸ್ತೆ ಅದೇ, ಓಡಿಸುವ ಜನವೂ ಅವರೇ. ಆದರೂ ಒಂದೇ ವರ್ಷದಲ್ಲಿ 138 ಮನೆಗಳಿಗೆ ಸಾವಿನ ಸುದ್ದಿ ಹೋಗುವುದು ತಪ್ಪಿತು. ನಮ್ಮ ಕಣ್ಣೆದುರೇ ನಡೆದ ಈ ಬದಲಾವಣೆಯನ್ನು ನಾವು ಸರಿಯಾಗಿ ಗಮನಿಸಲಿಲ್ಲ ಎಂದು ನನಗೆ ಅನಿಸುತ್ತದೆ. ಗಮನಿಸಿದ್ದರೆ ನಮ್ಮ ಪಟ್ಟಣದ ರಸ್ತೆಗಳ ವಿಚಾರದಲ್ಲಿ ಇಷ್ಟು ಸುಮ್ಮನೆ ಕೂರುತ್ತಿರಲಿಲ್ಲ.

ಆ ಹೆದ್ದಾರಿಯಲ್ಲಿ ಏನಾಯಿತು ಎಂಬುದನ್ನು ನೆನಪಿಸಿಕೊಳ್ಳಿ. 2023ರ ಮಾರ್ಚ್ 12ರಂದು ಉದ್ಘಾಟನೆಯಾದಾಗ ಎಲ್ಲರ ಬಾಯಲ್ಲೂ ಎಷ್ಟು ಹೊತ್ತಿಗೆ ಬೆಂಗಳೂರು ಮುಟ್ಟಬಹುದು ಎಂಬ ಮಾತೊಂದೇ. ಬಳಿಕ ತಿಂಗಳು ತಿಂಗಳೂ ಹೆಣಗಳು ಬೀಳತೊಡಗಿದವು. ಆಗ ಪೊಲೀಸ್ ಇಲಾಖೆಯ ಸಂಚಾರ ಮತ್ತು ರಸ್ತೆ ಸುರಕ್ಷತಾ ವಿಭಾಗದ ಮುಖ್ಯಸ್ಥರಾಗಿದ್ದ ಅಲೋಕ್ ಕುಮಾರ್ ಮತ್ತು ಜಿಲ್ಲೆಗಳ ಪೊಲೀಸರು ಎಷ್ಟು ಜನ ಸತ್ತರು, ಎಲ್ಲಿ, ಹೇಗೆ ಎಂದು ಲೆಕ್ಕ ತೆಗೆದರು. ಆ ಲೆಕ್ಕ ಪತ್ರಿಕೆಗಳಿಗೆ ಬಂತು. ಹೆದ್ದಾರಿ ಪ್ರಾಧಿಕಾರದ ತಂಡ ಸ್ಥಳಕ್ಕೆ ಬಂದು ನೋಡಿತು. ಗಂಟೆಗೆ 100 ಕಿಲೋಮೀಟರ್ ಮಿತಿ ಮೀರಿದವರನ್ನು ರೇಡಾರ್ ಗನ್ ಹಿಡಿದು ನಿಲ್ಲಿಸಿದರು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆ ಬಂದ್ ಆಯಿತು. ಮುಂದೆ ಕ್ಯಾಮೆರಾಗಳೂ ಬಂದವು. ಇಷ್ಟೆಲ್ಲ ಮಾಡಿದ ಮೇಲೆ ಸಾವು ಇಳಿಯಿತು. ಯಾರ ಹಣೆಬರಹವೂ ಬದಲಾಗಲಿಲ್ಲ. ರಸ್ತೆಯ ನಿಯಮ ಬದಲಾಯಿತು, ಕಾವಲು ಬಂತು, ಅದಕ್ಕೂ ಮೊದಲು ಲೆಕ್ಕ ಸಿಕ್ಕಿತು.

ಈಗ ನಮ್ಮ ರಸ್ತೆಗಳನ್ನು ನೋಡೋಣ. ಊರೊಳಗೆ ಹಾಯುವ ಹಳೇ ಮೈಸೂರು ರಸ್ತೆ, ಕೆ.ಎಂ. ದೊಡ್ಡಿಗೆ ಹೋಗುವ ದಾರಿ, ಮಳವಳ್ಳಿ ದಾರಿ, ಹುಲಿಯೂರುದುರ್ಗದ ಮೇಲೆ ಕುಣಿಗಲ್ಲಿಗೆ ಹೋಗುವ ದಾರಿ, ಹೆದ್ದಾರಿಯ ಎರಡೂ ಮಗ್ಗುಲಿನ ಸರ್ವಿಸ್ ರಸ್ತೆಗಳು, ಪೇಟೆ ಬೀದಿ. ಈ ರಸ್ತೆಗಳಲ್ಲಿ ಕಳೆದ ವರ್ಷ ಎಷ್ಟು ಜನ ಬಿದ್ದರು, ಯಾವ ತಿರುವಿನಲ್ಲಿ, ಯಾವ ಹೊತ್ತಿನಲ್ಲಿ ಎಂದು ಕೇಳಿದರೆ ಉತ್ತರ ಕೊಡುವವರು ಎಷ್ಟು ಜನ ಇದ್ದಾರೆ? ಹೆದ್ದಾರಿಯ ಅಂಕಿ ರಾಜ್ಯಕ್ಕೆಲ್ಲ ಗೊತ್ತು. ನಮ್ಮ ಮನೆ ಮುಂದಿನ ಅಂಕಿ ನಮಗೇ ಗೊತ್ತಿಲ್ಲ.

ಹೆದ್ದಾರಿಯಿಂದ ಬೈಕು, ಟ್ರ್ಯಾಕ್ಟರುಗಳನ್ನು ಇಳಿಸಿದ್ದು ಸರಿಯಾದ ತೀರ್ಮಾನ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅಲ್ಲಿಂದ ಇಳಿದವರು ಎಲ್ಲಿಗೆ ಬಂದರು? ಸರ್ವಿಸ್ ರಸ್ತೆಗೆ. ಅಂಡರ್‌ಪಾಸ್ ದೂರವಾಯಿತೆಂದು ಅಲ್ಲಿ ಎದುರು ದಿಕ್ಕಿನಲ್ಲೇ ಬೈಕು ನುಗ್ಗಿಸುವುದು ಈಗ ಮಾಮೂಲು. ಹೆದ್ದಾರಿಯ ತಂತಿಬೇಲಿ ಕತ್ತರಿಸಿ ಅಡ್ಡ ದಾಟುವ ಜಾಗಗಳಿವೆ. ಆಚೆ ಬದಿ ಜಮೀನಿದ್ದವರಿಗೆ, ಬಸ್ಸು ಹಿಡಿಯಬೇಕಾದವರಿಗೆ ಬೇರೆ ದಾರಿ ಇಲ್ಲದಿದ್ದರೆ ಅವರೇನು ಮಾಡಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರವಾಗಿ ಸ್ಕೈವಾಕ್ ಕೇಳೋಣ, ಬಸ್ಸು ನಿಲ್ಲಲು ಸರಿಯಾದ ಜಾಗ ಕೇಳೋಣ, ಜೋರಾಗಿ ಕೇಳೋಣ. ಬೇಲಿ ಮಾತ್ರ ಕತ್ತರಿಸಬೇಡಿ. ನೂರರ ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತವರು ಒಂದು ಹೆಜ್ಜೆ ಎತ್ತಿಡುವುದರೊಳಗೆ ಅದು ಬಂದಿರುತ್ತದೆ.

ಹಳೇ ರಸ್ತೆಯದು ಇನ್ನೊಂದು ಕತೆ. ದೂರದ ಲಾರಿ, ಬಸ್ಸುಗಳು ಹೊಸ ಹೆದ್ದಾರಿ ಹಿಡಿದ ಮೇಲೆ ಊರೊಳಗಿನ ರಸ್ತೆ ಅಗಲವಾಗಿ, ಖಾಲಿಯಾಗಿ ಕಾಣುತ್ತದೆ. ಖಾಲಿ ಕಂಡ ರಸ್ತೆಯಲ್ಲಿ ವೇಗ ತಾನಾಗಿ ಏರುತ್ತದೆ. ಆದರೆ ಅದೇ ರಸ್ತೆಯಲ್ಲಿ ಎಳನೀರು ಮಾರುಕಟ್ಟೆಗೆ ಬರುವ ಗಾಡಿಗಳಿವೆ, ಶಾಲೆ ಬಿಟ್ಟ ಮಕ್ಕಳಿದ್ದಾರೆ, ಸಂತೆ ಚೀಲ ಹಿಡಿದ ಅಜ್ಜಿಯರಿದ್ದಾರೆ. ಸರಾಸರಿ ವೇಗ ನೂರಕ್ಕೆ ಒಂದು ಪಾಲು ಏರಿದರೆ ಸಾವು ತರುವ ಅಪಘಾತದ ಅಪಾಯ ನೂರಕ್ಕೆ ನಾಲ್ಕು ಪಾಲು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐವತ್ತರಲ್ಲಿ ಬಂದ ಕಾರು ಗುದ್ದಿದಾಗ ಇರುವುದಕ್ಕಿಂತ ಅರವತ್ತೈದರಲ್ಲಿ ಬಂದ ಕಾರು ಗುದ್ದಿದರೆ ಪಾದಚಾರಿ ಸಾಯುವ ಸಂಭವ ನಾಲ್ಕೂವರೆ ಪಟ್ಟು. ಟಿ.ಬಿ. ಸರ್ಕಲ್ಲಿನಿಂದ ಊರಾಚೆಗೆ ಹೋಗುವಷ್ಟರಲ್ಲಿ ಈ ಹದಿನೈದು ಕಿಲೋಮೀಟರ್ ಹೆಚ್ಚು ವೇಗದಿಂದ ಉಳಿಯುವ ಸಮಯ ಬಹಳ ಕಡಿಮೆ.

ದೇಶದ ಲೆಕ್ಕವನ್ನು ಇಲ್ಲಿ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491. ಗಂಟೆಗೆ 19 ಜನ. ಕರ್ನಾಟಕದಲ್ಲಿ ಆ ವರ್ಷ 11,702 ಜನ ಸತ್ತರು, 2023ರಲ್ಲಿ 12,000 ದಾಟಿತು. ದೇಶದಲ್ಲಿ ಸತ್ತವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ಬೈಕು, ಸ್ಕೂಟರಿನವರು. ಇನ್ನು 19ಕ್ಕೂ ಹೆಚ್ಚು ಮಂದಿ ನಡೆದು ಹೋಗುತ್ತಿದ್ದವರು. ಅಂದರೆ ಸತ್ತ ಮೂವರಲ್ಲಿ ಸುಮಾರು ಇಬ್ಬರು ಕಾರಿನಲ್ಲಿ ಕೂತವರಲ್ಲ, ನಮ್ಮಂಥ ಸಣ್ಣ ಊರಿನ ರಸ್ತೆಗಳಲ್ಲಿ ದಿನಾ ಕಾಣುವ ಜನ. ಹೆಚ್ಚು ಅಪಘಾತ ನಡೆಯುವ ಹೊತ್ತು ಸಂಜೆ ಆರರಿಂದ ಒಂಬತ್ತು. ನಮ್ಮಲ್ಲಿ ಅದು ಗಾರ್ಮೆಂಟ್ಸ್ ಬಿಟ್ಟು, ಅಂಗಡಿ ಮುಚ್ಚಿ, ಡೇರಿಗೆ ಹಾಲು ಹಾಕಿ ಮನೆಗೆ ಬರುವ ಹೊತ್ತು.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇನ್ನು ಮುಂದಿದೆ.

ನಮ್ಮಲ್ಲಿ ಒಂದು ಅಪಘಾತವಾದರೆ ಏನು ನಡೆಯುತ್ತದೆ? ಜನ ಸೇರುತ್ತಾರೆ. ಯಾರೋ ಹಿರಿಯರು ಮುಂದೆ ಬರುತ್ತಾರೆ. "ಕೇಸು ಗೀಸು ಬ್ಯಾಡ ಕಣಣ್ಣ, ಕೋರ್ಟಿಗೆ ಅಲೀಬೇಕಾಯ್ತದೆ, ಆಸ್ಪತ್ರೆ ಖರ್ಚು ಕೊಟ್ಟು ಮುಗಿಸ್ಕೊಳ್ಳಿ" ಎನ್ನುತ್ತಾರೆ. ಕಾಲು ಮುರಿದವನಿಗೂ ಅದೇ ಸಲೀಸು ಅನಿಸುತ್ತದೆ, ಗುದ್ದಿದವನಿಗೂ ಅದೇ ಸಲೀಸು. ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಒಪ್ಪಿಕೊಳ್ಳುತ್ತಾರೆ. ರಾಜಿಯಾಗುತ್ತದೆ. ಯಾರಾದರೂ ಸತ್ತಾಗ ಮಾತ್ರ ಠಾಣೆಗೆ ಹೋಗುತ್ತೇವೆ. ಆಗಲೂ "ಅವನ ಆಯಸ್ಸು ಅಷ್ಟೇ ಇತ್ತು" ಎಂದು ತಿಥಿ ಮುಗಿಸಿ ಸುಮ್ಮನಾಗುತ್ತೇವೆ.

ಈ ರಾಜಿಯಿಂದ ಆಗುವ ನಷ್ಟ ಕಣ್ಣಿಗೆ ಕಾಣುವುದಿಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ಒಂದು ಜಾಗವನ್ನು ಬ್ಲ್ಯಾಕ್ ಸ್ಪಾಟ್, ಅಂದರೆ ಪದೇ ಪದೇ ಅಪಘಾತವಾಗುವ ಜಾಗ, ಎಂದು ಗುರುತಿಸಲು ಸರ್ಕಾರಕ್ಕೆ ಒಂದು ಅಳತೆ ಇದೆ. ಸುಮಾರು 500 ಮೀಟರ್ ಉದ್ದದಲ್ಲಿ, ಮೂರು ವರ್ಷಗಳಲ್ಲಿ, ಸಾವು ಅಥವಾ ತೀವ್ರ ಗಾಯವಾದ ಐದು ಅಪಘಾತಗಳು, ಇಲ್ಲವೇ ಹತ್ತು ಸಾವು. ಅದನ್ನು ಗಮನವಿಟ್ಟು ಓದಿ: ತೀವ್ರ ಗಾಯವೂ ಲೆಕ್ಕಕ್ಕೆ ಬರುತ್ತದೆ. ಒಂದು ತಿರುವಿನಲ್ಲಿ ಕಾಲು ಮುರಿದ ನಾಲ್ಕು ಪ್ರಕರಣಗಳು ರಾಜಿಯಲ್ಲಿ ಮುಗಿದುಹೋದರೆ, ಐದನೆಯವನು ಸತ್ತಾಗ ಕಾಗದದ ಮೇಲೆ ಅದು ಆ ತಿರುವಿನ ಮೊದಲ ಅಪಘಾತ. ಎಂಜಿನಿಯರ್ ಬಂದು ನೋಡುವುದಿಲ್ಲ, ದೀಪ ಬರುವುದಿಲ್ಲ, ತಡೆಗೋಡೆ ಬರುವುದಿಲ್ಲ. ನಾವು ರಾಜಿ ಮಾಡಿಸಿ ಒಬ್ಬನಿಗೆ ಉಪಕಾರ ಮಾಡಿದೆವು ಎಂದುಕೊಂಡಿರುತ್ತೇವೆ. ಅದೇ ತಿರುವಿಗೆ ಮುಂದೆ ಬರುವವನಿಗೆ ಅನ್ಯಾಯ ಮಾಡಿರುತ್ತೇವೆ.

ಈಗ ಠಾಣೆಗೆ ತಿಳಿಸುವುದರಿಂದ ಆಗುವ ಪ್ರಯೋಜನ ಮೊದಲಿಗಿಂತ ಹೆಚ್ಚು. ಐಐಟಿ ಮದ್ರಾಸ್ ಮತ್ತು ಕೇಂದ್ರ ಸರ್ಕಾರದ ಎನ್‌ಐಸಿ ಸೇರಿ ರೂಪಿಸಿದ ಐರಾಡ್ ಎಂಬ ವ್ಯವಸ್ಥೆ ಇದೆ. ಪೊಲೀಸರು ಸ್ಥಳದಲ್ಲೇ ಮೊಬೈಲಿನಲ್ಲಿ ಜಾಗ, ಹೊತ್ತು, ವಾಹನ, ಫೋಟೋ ಎಲ್ಲ ದಾಖಲಿಸುತ್ತಾರೆ. ಆ ಮಾಹಿತಿ ಸಾರಿಗೆ, ರಸ್ತೆ, ಆರೋಗ್ಯ ಇಲಾಖೆಗಳಿಗೂ ಸಿಗುತ್ತದೆ. ದಾಖಲಾದ ಅಪಘಾತ ಹೀಗೆ ನಾಲ್ಕು ಕಚೇರಿಗೆ ತಲುಪುತ್ತದೆ. ದಾಖಲಾಗದ್ದು ಟೀ ಅಂಗಡಿಯಲ್ಲೇ ಉಳಿಯುತ್ತದೆ.

ದೊಡ್ಡ ದುರಂತವಾದರೆ ಎಲ್ಲರೂ ಓಡಿ ಬರುತ್ತಾರಲ್ಲ ಎನ್ನಬಹುದು. 2018ರ ನವೆಂಬರ್ 24ನ್ನು ಮಂಡ್ಯ ಜಿಲ್ಲೆಯವರು ಮರೆಯಲಾರರು. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಮುಳುಗಿ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳಿದ್ದರು. ಅದೇ ರಾತ್ರಿ ನಟ ಅಂಬರೀಷ್ ತೀರಿಕೊಂಡರು, ಜಿಲ್ಲೆ ಎರಡು ಶೋಕವನ್ನು ಒಟ್ಟಿಗೆ ಹೊತ್ತಿತು. ಮಂತ್ರಿಗಳು ಬಂದರು, ನಾಲೆಯ ಉದ್ದಕ್ಕೂ ತಡೆಗೋಡೆ ಆಗಬೇಕೆಂಬ ಮಾತು ಎದ್ದಿತು. ಆ ಮೇಲೂ ಅದೇ ನಾಲೆಗೆ ಕಾರುಗಳು ಬಿದ್ದಿವೆ, ಕುಟುಂಬಗಳು ಮುಳುಗಿವೆ. ದುರಂತದ ಕಣ್ಣೀರು ಒಂದು ವಾರ ಇರುತ್ತದೆ. ತಡೆಗೋಡೆ ಕಟ್ಟಿಸಲು ವರ್ಷಗಟ್ಟಲೆ ಬೆನ್ನು ಹತ್ತುವ ಜನ ಬೇಕು, ಆ ಜನ ನಾವೇ ಆಗಬೇಕು.

ಸರ್ಕಾರದ್ದು ಒಂದು ಕಡೆಯಾದರೆ ನಮ್ಮ ಕೈಯಲ್ಲೇ ಇರುವುದು ಇನ್ನೊಂದು ಕಡೆ. ಅದರಲ್ಲಿ ಎಲ್ಲಕ್ಕಿಂತ ಮೊದಲು ಕಬ್ಬಿನ ಟ್ರ್ಯಾಕ್ಟರ್. ನಾವು ಕಬ್ಬಿನ ನಾಡಿನವರು, ಅದರಲ್ಲೇ ಅನ್ನ ತಿನ್ನುವವರು. ಕೊಪ್ಪ, ಕೆ.ಎಂ. ದೊಡ್ಡಿಯ ಕಾರ್ಖಾನೆಗಳು ಅರೆಯಲು ಶುರುಮಾಡಿದ ಮೇಲೆ ರಾತ್ರಿಯೆಲ್ಲ ಟ್ರ್ಯಾಕ್ಟರುಗಳ ಸಾಲು. ಟ್ರೇಲರಿನ ಎರಡೂ ಕಡೆ ಕಬ್ಬಿನ ತುದಿ ಇಳಿಬಿದ್ದಿರುತ್ತದೆ. ಹಿಂದಿನ ಕೆಂಪು ದೀಪ ಇದ್ದರೂ ಸೋಗೆಯಲ್ಲಿ ಮುಚ್ಚಿಹೋಗಿರುತ್ತದೆ. ಎದುರಿನ ವಾಹನದ ಬೆಳಕು ಕಣ್ಣಿಗೆ ಹೊಡೆದ ಬೈಕಿನವನಿಗೆ ಮುಂದಿರುವ ಟ್ರೇಲರ್ ಕಾಣುವುದು ಡಿಕ್ಕಿ ಹೊಡೆದಾಗಲೇ. ಇದಕ್ಕೆ ಬೇಕಾದದ್ದು ಕೆಲವೇ ನೂರು ರೂಪಾಯಿಯ ಹೊಳೆಯುವ ಪಟ್ಟಿ: ಹಿಂದೆ ಕೆಂಪು, ಮಗ್ಗುಲಿಗೆ ಹಳದಿ, ಮುಂದೆ ಬಿಳಿ. ಲೋಡು ತುಂಬಿದ ಮೇಲೂ ಕಾಣುವಂತೆ ಅಂಟಿಸಬೇಕು, ಅಷ್ಟೇ. ಗೇಟಿನಲ್ಲಿ ತೂಕ ಹಾಕುವಾಗಲೇ ಪಟ್ಟಿ ಇಲ್ಲದ ಟ್ರೇಲರಿಗೆ ಪಟ್ಟಿ ಅಂಟಿಸಿ ಕಳಿಸಿ ಎಂದು ಕಾರ್ಖಾನೆಗಳ ಆಡಳಿತಕ್ಕೆ ಕೈಮುಗಿದು ಕೇಳುತ್ತೇನೆ. ಟ್ರ್ಯಾಕ್ಟರ್ ಮಾಲೀಕರೇ, ನೀವು ಅದಕ್ಕೂ ಕಾಯಬೇಡಿ.

ಇನ್ನೊಂದು ಮಾತು ಟ್ರ್ಯಾಕ್ಟರ್, ಲಾರಿಯವರಿಗೇ. ಗಾಡಿ ಕೆಟ್ಟು ನಿಂತಾಗ ಚಕ್ರಕ್ಕೆ ಕಲ್ಲು ಕೊಡುತ್ತೀರಿ, ಹಿಂದೆ ನಾಲ್ಕು ಕಲ್ಲು ಜೋಡಿಸಿ ಸೊಪ್ಪು ಇಡುತ್ತೀರಿ. ರಿಪೇರಿಯಾದ ಮೇಲೆ ಹೊರಟುಬಿಡುತ್ತೀರಿ, ಕಲ್ಲು ಅಲ್ಲೇ ಉಳಿಯುತ್ತದೆ. ಆ ರಾತ್ರಿ ಡ್ಯೂಟಿ ಮುಗಿಸಿ ಬರುವ ಹುಡುಗನ ಬೈಕು ಆ ಕಲ್ಲಿಗೆ ಹತ್ತುತ್ತದೆ. ಕಲ್ಲೆತ್ತಿ ಬದಿಗೆ ಹಾಕಲು ಅರ್ಧ ನಿಮಿಷ ಸಾಕು. ನಿಮ್ಮ ಕ್ಲೀನರಿಗೆ, ನಿಮ್ಮ ಆಳಿಗೆ ಇದನ್ನು ಹೇಳಿಕೊಡಿ.

ಸುಗ್ಗಿಯಲ್ಲಿ ರಸ್ತೆ ಮೇಲೆ ಹುರುಳಿ, ರಾಗಿ ಹರಡುವುದನ್ನೂ ಹೇಳಲೇಬೇಕು. ರೈತರ ಕಷ್ಟ ನನಗೆ ಗೊತ್ತು. ಊರಿನ ಕಣಗಳು ಸೈಟುಗಳಾದವು, ಎತ್ತುಗಳಿಲ್ಲ, ರೋಣಗಲ್ಲು ಮೂಲೆ ಸೇರಿದೆ, ಒಕ್ಕಣೆ ಯಂತ್ರಕ್ಕೆ ಬಾಡಿಗೆ ಕೊಡಬೇಕು. ಟಾರು ರಸ್ತೆ ಪುಕ್ಕಟೆ ಕಣವಾಗಿ ಸಿಕ್ಕಿದೆ. ಆದರೆ ಒಣ ಹುರುಳಿಯ ಮೇಲೆ ಬೈಕಿನ ಚಕ್ರ ನಿಲ್ಲುವುದಿಲ್ಲ. ಕಾರಿನ ಅಡಿಗೆ ಹುಲ್ಲು ಸುತ್ತಿಕೊಂಡು ಬೆಂಕಿ ಹತ್ತಿದ್ದೂ ಇದೆ. ಉದ್ಯೋಗ ಖಾತ್ರಿಯಲ್ಲಿ ಒಕ್ಕಣೆ ಕಣ ಮಾಡಿಕೊಂಡ ಊರುಗಳು ನಮ್ಮ ರಾಜ್ಯದಲ್ಲಿವೆ. ನಮ್ಮ ಗ್ರಾಮ ಪಂಚಾಯಿತಿ ಸದಸ್ಯರು ಊರಿಗೊಂದು ಸಾಮೂಹಿಕ ಕಣಕ್ಕೆ ಜಾಗ ಗುರುತಿಸಿದರೆ ಈ ತಗಾದೆ ಮುಗಿಯುತ್ತದೆ. ಪೊಲೀಸರನ್ನು ಕಳಿಸಿ ರೈತನ ರಾಗಿ ಎತ್ತಿಸುವುದು ಪರಿಹಾರವಲ್ಲ, ಕಣ ಕೊಡುವುದು ಪರಿಹಾರ.

ಹೆಲ್ಮೆಟ್ ಬಗ್ಗೆ ಉದ್ದ ಮಾತು ಬೇಡ. 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು ದೇಶದಲ್ಲಿ 50,000ಕ್ಕೂ ಹೆಚ್ಚು, ಅವರಲ್ಲಿ 14,000ಕ್ಕೂ ಹೆಚ್ಚು ಮಂದಿ ಹಿಂದೆ ಕೂತವರು. ಹಿಂದೆ ಕೂತವರೆಂದರೆ ನಮ್ಮ ಹೆಂಡತಿ, ತಾಯಿ, ಮಗಳು. ಒಳ್ಳೆಯ ಹೆಲ್ಮೆಟ್ ತಲೆಗೆ ಪೆಟ್ಟಾಗುವ ಅಪಾಯವನ್ನು ನೂರಕ್ಕೆ ಸುಮಾರು 69 ಪಾಲು, ಸಾವಿನ ಅಪಾಯವನ್ನು ನೂರಕ್ಕೆ ಸುಮಾರು 42 ಪಾಲು ತಗ್ಗಿಸುತ್ತದೆ. ಬೆಲ್ಟು ಹಾಕದ ಅರ್ಧ ಹೆಲ್ಮೆಟ್ಟಿನಿಂದ ಪೊಲೀಸರ ದಂಡ ತಪ್ಪಬಹುದು, ತಲೆ ಉಳಿಯುವುದಿಲ್ಲ.

ಹೆತ್ತವರಲ್ಲಿ ಒಂದು ಮಾತು. ಹೈಸ್ಕೂಲು, ಪಿಯುಸಿ ಓದುವ ಮಗನ ಕೈಗೆ ಗಾಡಿ ಕೊಡಬೇಡಿ. ಬಸ್ಸಿಲ್ಲ, ಟ್ಯೂಷನ್ ದೂರ ಎಂಬ ಕಷ್ಟ ನಿಜ. ಆದರೆ ಕಾನೂನು ಈಗ ಮಗನನ್ನಷ್ಟೇ ಅಲ್ಲ, ನಿಮ್ಮನ್ನೂ ಹಿಡಿಯುತ್ತದೆ: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಮಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಅದಕ್ಕಿಂತ ಭಾರವಾದದ್ದು ಇನ್ನೊಂದಿದೆ. ಲೈಸೆನ್ಸ್ ಇಲ್ಲದ ಹುಡುಗ ಯಾರಿಗಾದರೂ ಗುದ್ದಿದರೆ ವಿಮೆ ಕಂಪನಿ ಕೊಟ್ಟ ಪರಿಹಾರವನ್ನು ಗಾಡಿ ಮಾಲೀಕನಿಂದಲೇ ವಸೂಲಿಗೆ ಇಳಿಯಬಹುದು. ಎರಡು ಎಕರೆ ಗದ್ದೆ ಇರುವ ಸಂಸಾರಕ್ಕೆ ಅದರ ಅರ್ಥ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ ಮೊಬೈಲ್ ತೆಗೆದು ವಿಡಿಯೋ ಮಾಡುವ ಕೈಗಳೇ, ಅದೇ ಮೊಬೈಲಿನಲ್ಲಿ 108 ಒತ್ತಿ, ಇಲ್ಲವೇ 112. ಹೆದ್ದಾರಿಯಾದರೆ 1033. ಸಹಾಯ ಮಾಡಿದರೆ ಸಾಕ್ಷಿಗೆ ಅಲೆಸುತ್ತಾರೆ ಎಂಬ ಭಯ ಇನ್ನೂ ಹೋಗಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಸಹಾಯ ಮಾಡಿದವರಿಗೆ ರಕ್ಷಣೆ ಕೊಟ್ಟಿತು, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಅದು ಕಾನೂನೇ ಆಯಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು, ವಿಳಾಸ ಕೊಡಬೇಕಾಗಿಲ್ಲ, ಅಲ್ಲೇ ಕಾಯಬೇಕಾಗಿಲ್ಲ. ಅದೇ 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹವೇ ತುಂಡಾದ ಗುಬ್ಬಿ ಕಡೆಯ ಯುವಕ ಹರೀಶ್ ಕೊನೆಯುಸಿರಿನಲ್ಲೂ ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡಿದ್ದನ್ನು ನೀವು ಮರೆತಿರಲಾರಿರಿ. ಅವರ ಹೆಸರಿನಲ್ಲೇ ಸರ್ಕಾರ ಸಾಂತ್ವನ ಯೋಜನೆ ತಂದು, ಅಪಘಾತವಾದ ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೆ ನೆರವು ಕೊಟ್ಟಿತು. 2025ರ ಮೇ ತಿಂಗಳಿಂದ ಕೇಂದ್ರದ ಯೋಜನೆಯೂ ಇದೆ: ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದಿಲ್ಲದ ಚಿಕಿತ್ಸೆ. ಹಣ ಹೊಂದಿಸಿಕೊಂಡು ಬರುತ್ತೇವೆ ಎಂದು ಗಾಯಾಳುವನ್ನು ಕಾಯಿಸಬೇಡಿ. ಮದ್ದೂರಿನಿಂದ ಮಂಡ್ಯಕ್ಕೆ ಸುಮಾರು 20 ಕಿಲೋಮೀಟರ್, ಮೊದಲ ಒಂದು ಗಂಟೆಯೊಳಗೆ ಅಲ್ಲಿನ ಮಿಮ್ಸ್ ಆಸ್ಪತ್ರೆ ತಲುಪುವುದು ಸಾಧ್ಯ.

ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೂ ಪರಿಹಾರ ಉಂಟು ಎಂಬುದು ಬಹಳ ಕುಟುಂಬಗಳಿಗೆ ಗೊತ್ತಿಲ್ಲ. 2022ರ ಏಪ್ರಿಲ್‌ನಿಂದ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಅದಕ್ಕೂ ಬೇಕಾಗುವುದು ಠಾಣೆಯ ದಾಖಲೆಯೇ. ಟೀ ಅಂಗಡಿಯ ರಾಜಿಯಿಂದ ಅದು ಸಿಗುವುದಿಲ್ಲ.

ನಮ್ಮ ಬೀದಿಗಳಲ್ಲಿ ಜನರೇ ಹಾಕಿಸುವ ಹಂಪ್ಸ್ ಬಗ್ಗೆಯೂ ಒಂದು ಕಿವಿಮಾತು. ಮಗು ಬಿತ್ತೆಂದು ಸಿಟ್ಟಿನಲ್ಲಿ ಮಣ್ಣು, ಜಲ್ಲಿ ಸುರಿದು ಎತ್ತರಿಸಿದ ದಿಬ್ಬ ರಾತ್ರಿ ಇನ್ನೊಬ್ಬರನ್ನು ಬೀಳಿಸುತ್ತದೆ. ಇದಕ್ಕೆ ಅಳತೆ ಇದೆ: 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, ಬಿಳಿ ಪಟ್ಟೆ, ಮುಂಚೆಯೇ ಸೂಚನಾ ಫಲಕ. ಆ ಅಳತೆಯಲ್ಲೇ ಮಾಡಿಸಿಕೊಡಿ ಎಂದು ಕೇಳುವುದು ನಮ್ಮ ಹಕ್ಕು.

ಈಗ ನನ್ನ ಕೋರಿಕೆ. ಪ್ರತಿ ವಾರ್ಡಿನಲ್ಲಿ, ಪ್ರತಿ ಹಳ್ಳಿಯಲ್ಲಿ ಇಬ್ಬರು ಮುಂದೆ ಬನ್ನಿ. ಸ್ತ್ರೀಶಕ್ತಿ ಸಂಘದವರು, ಯುವಕ ಸಂಘದವರು, ಆಟೋ ಸ್ಟ್ಯಾಂಡಿನವರು, ನಿವೃತ್ತ ಮೇಷ್ಟ್ರುಗಳು ಯಾರಾದರೂ ಸರಿ. ಕಳೆದ ಮೂರು ವರ್ಷಗಳಲ್ಲಿ ನಿಮ್ಮ ಕಡೆ ನಡೆದ ಅಪಘಾತಗಳನ್ನು ನೆನಪಿನಿಂದ ಬರೆಯಿರಿ. ಜಾಗ, ಹೊತ್ತು, ಯಾವ ವಾಹನ, ಏನಾಯಿತು. ಹೆಸರು ಬೇಡ. ಅದರ ಜೊತೆಗೆ ಪೊಲೀಸ್ ಇಲಾಖೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. 30 ದಿನಗಳಲ್ಲಿ ಉತ್ತರ ಬರಬೇಕು. ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿದ್ದು ಎರಡನೆಯದರಲ್ಲಿ ಇಲ್ಲದ್ದು ಎಷ್ಟು ಎಂಬುದು ಆಗ ತಿಳಿಯುತ್ತದೆ. ಎರಡನ್ನೂ ಲಗತ್ತಿಸಿ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಕಳಿಸಿ, ಸ್ವೀಕೃತಿ ಪಡೆಯಿರಿ, ಮುಂದಿನ ಸಭೆಯಲ್ಲಿ ಏನಾಯಿತು ಎಂದು ಮತ್ತೆ ಕೇಳಿ. ರಸ್ತೆಯನ್ನು ಸುರಕ್ಷತಾ ಮಾನದಂಡದಂತೆ ಮಾಡದೆ ಸಾವು ಅಥವಾ ಅಂಗವೈಕಲ್ಯಕ್ಕೆ ಕಾರಣವಾದ ಗುತ್ತಿಗೆದಾರ, ಪ್ರಾಧಿಕಾರಕ್ಕೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಲು ಮೋಟಾರು ವಾಹನ ಕಾಯ್ದೆಯಲ್ಲೇ ಅವಕಾಶವಿದೆ ಎಂಬುದನ್ನು ಆ ಪತ್ರದಲ್ಲಿ ನೆನಪಿಸಿ.

ಅರ್ಜಿ ಹೇಗೆ ಬರೆಯುವುದು ಎಂದು ಹಿಂಜರಿಯುವವರು ಈ ಸಾಲುಗಳನ್ನೇ ನಕಲು ಮಾಡಿಕೊಳ್ಳಬಹುದು:

"ತಮ್ಮ ಠಾಣೆಯ ವ್ಯಾಪ್ತಿಯಲ್ಲಿ ಕಳೆದ ಮೂರು ಕ್ಯಾಲೆಂಡರ್ ವರ್ಷಗಳಲ್ಲಿ ದಾಖಲಾದ ಎಲ್ಲ ರಸ್ತೆ ಅಪಘಾತಗಳ ದಿನಾಂಕ, ಸಮಯ, ನಿಖರವಾದ ಸ್ಥಳ, ಒಳಗೊಂಡ ವಾಹನಗಳ ಬಗೆ, ಮೃತರ ಸಂಖ್ಯೆ ಹಾಗೂ ಗಾಯಾಳುಗಳ ಸಂಖ್ಯೆಯನ್ನು ವರ್ಷವಾರು ನೀಡಬೇಕಾಗಿ ಕೋರುತ್ತೇನೆ. ವ್ಯಕ್ತಿಗಳ ಹೆಸರು, ವಿಳಾಸ ಬೇಕಾಗಿಲ್ಲ."